ಇಲ್ಲಿ ನನ್ನನ್ನು ‘ಶ್ವೆಸ್ಟರ್’ ಅನ್ನೋದ್ಯಾಕೆ? (ಭಾಗ 7)

ಜರ್ಮನಿಯಲ್ಲಿ ನರ್ಸ್‌ಗೆ ಏನಂತಾರೆ ಅಂತ ನಮ್ಮ ಅತ್ತಿಗೆ ಹೋದ ಸಲ ಕೇಳಿದ್ದರು. ಸರ್ಕಾರಿ ಕಾಗದದಲ್ಲಿ ಬೇರೆ ಉದ್ದದ ಹೆಸರಿದೆ, ಆದರೆ ವಯಸ್ಸಾದ ಪೇಷಂಟುಗಳು ಇವತ್ತಿಗೂ ‘ಶ್ವೆಸ್ಟರ್’ ಅಂತಲೇ ಕೂಗೋದು. ಅಂದರೆ ಅಕ್ಕ, ಇಲ್ಲಾ ತಂಗಿ. ಮೊದಲು ರೋಗಿಗಳನ್ನು ನೋಡಿಕೊಳ್ಳುತ್ತಿದ್ದವರು ಕಾನ್ವೆಂಟಿನ ಸಿಸ್ಟರ್‌ಗಳು. ಪ್ರಾಟೆಸ್ಟಂಟರಲ್ಲಿ ಅಂಥ ವ್ಯವಸ್ಥೆ ಶುರುವಾಗಿದ್ದು ಡ್ಯುಸೆಲ್ಡಾರ್ಫ್ ಪಕ್ಕದ ಕೈಸರ್ಸ್‌ವೆರ್ತ್ ಅನ್ನೋ ಸಣ್ಣ ಊರಲ್ಲಿ.

ಥಿಯೋಡೋರ್ ಫ್ಲೀಡ್ನರ್ ಅನ್ನುವವರು 1822ರಲ್ಲಿ ಅಲ್ಲಿಗೆ ಪಾದ್ರಿಯಾಗಿ ಬಂದರು. ಬಂದ ಹೊಸದರಲ್ಲೇ ಊರಿನ ನೇಯ್ಗೆ ಕಾರ್ಖಾನೆ ದಿವಾಳಿ. ಬಡ ಸಭೆಯನ್ನು ಉಳಿಸೋಕೆ ಹಾಲೆಂಡ್, ಇಂಗ್ಲೆಂಡಿಗೆ ಹೋಗಿ ಚಂದಾ ಎತ್ತಿದರು. ಅಲ್ಲಿ ಜೈಲುಗಳಲ್ಲಿ, ಸಭೆಗಳಲ್ಲಿ ಹೆಂಗಸರು ಮಾಡುತ್ತಿದ್ದ ಸೇವೆ ಅವರ ತಲೆಯಲ್ಲಿ ಕೂತುಬಿಟ್ಟಿತು. 1833ರಲ್ಲಿ ಜೈಲಿನಿಂದ ಬಿಟ್ಟ ಹೆಂಗಸರಿಗೆ ತಮ್ಮ ತೋಟದ ಸಣ್ಣ ಮನೆಯಲ್ಲೇ ಜಾಗ ಕೊಟ್ಟರು. 1836ರ ಅಕ್ಟೋಬರಿನಲ್ಲಿ ಹೆಂಡತಿ ಫ್ರೀಡರಿಕೆ ಜೊತೆ ಸೇರಿ ಆಸ್ಪತ್ರೆ ಮತ್ತು ‘ಡಿಯಾಕೊನಿಸ್’ ಅಂದರೆ ಸೇವಕಿಯರ ಮನೆ ತೆರೆದರು. (ಇದಕ್ಕೆ ಎರಡೇ ವರ್ಷ ಮುಂಚೆ, 1834ರಲ್ಲಿ, ಬಾಸೆಲ್ ಮಿಷನ್‌ನವರು ನಮ್ಮ ಮಂಗಳೂರಿಗೆ ಬಂದಿಳಿದಿದ್ದರು.)

ಮೊದಲ ಡಿಯಾಕೊನಿಸ್ ಗೆರ್ಟ್ರೂಡ್ ರೈಹಾರ್ಟ್. ಡಾಕ್ಟರ ಮಗಳು, ಮದುವೆಯಾಗಿರಲಿಲ್ಲ, ವಯಸ್ಸು 48! ನಮ್ಮಲ್ಲಿ 30 ದಾಟಿದರೆ ‘ಇನ್ನೇನು ಇವಳ ಕಥೆ’ ಅಂತಾರಲ್ಲ, ಅವರಿಗೆಲ್ಲ ಈ ಹೆಸರು ಹೇಳಬೇಕು.

ಈ ಸಿಸ್ಟರ್‌ಗಳಿಗೆ ಸಂಬಳ ಇಲ್ಲ. ಊಟ, ಬಟ್ಟೆ, ಸ್ವಲ್ಪ ಕೈಖರ್ಚು, ಕಾಯಿಲೆ ಬಿದ್ದರೂ ಮುಪ್ಪಾದರೂ ‘ತಾಯಿಮನೆ’ಯ ಆಸರೆ. ಜೀವನಪೂರ್ತಿ ವ್ರತ ಅಲ್ಲ, ಬಿಟ್ಟು ಹೋಗಿ ಮದುವೆ ಆಗಬಹುದಿತ್ತು. ಉಡುಪು ಬೇಕಂತಲೇ ಆಗಿನ ಗೃಹಿಣಿಯರ ಥರ: ನೀಲಿ ಗೌನು, ಬಿಳಿ ಟೋಪಿ. ಒಂಟಿ ಹೆಂಗಸು ಬೀದಿಯಲ್ಲಿ ಮರ್ಯಾದೆಯಿಂದ ಓಡಾಡಲಿ ಅಂತ. ಆದರೆ ಎಲ್ಲಿ ಕೆಲಸ ಅನ್ನೋದು ತಾಯಿಮನೆಯ ತೀರ್ಮಾನ. ‘ದೇವರ ಕರೆ’ ಅನ್ನೋ ಮಾತಿನ ಕೆಳಗೆ ಎಷ್ಟು ಪುಕ್ಕಟೆ ದುಡಿಮೆ ಅಡಗಿತ್ತೋ ಅನ್ನೋದೂ ನನ್ನ ತಲೆಗೆ ಬರುತ್ತೆ. ಆದರೂ ಅಪ್ಪ ಇಲ್ಲಾ ಗಂಡ, ಮೂರನೇ ಮನೆಯೇ ಇಲ್ಲದ ಕಾಲದಲ್ಲಿ ಕಲಿಕೆ, ಕೆಲಸ, ಜೊತೆಗಾತಿಯರು ಸಿಗುವ ಬಾಗಿಲು ಅದೊಂದು.

ಆ ಬಾಗಿಲಲ್ಲಿ ಒಳಗೆ ಹೋದವಳಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಒಬ್ಬಳು. ಬಿಎಸ್ಸಿಯಲ್ಲಿ ದೀಪ ಹಿಡಿದು ಪ್ರತಿಜ್ಞೆ ಮಾಡಿದಾಗ ಇದು ನಂಗೆ ಗೊತ್ತಿರಲಿಲ್ಲ. 1837ರಲ್ಲಿ, ಇನ್ನೂ 16 ವರ್ಷದವಳಿದ್ದಾಗಲೇ, ದೇವರು ಕರೆದ ಅಂತ ಬರೆದಿಟ್ಟುಕೊಂಡಿದ್ದಳು. ಶ್ರೀಮಂತ ಮನೆಯವರು ನರ್ಸ್ ಕೆಲಸಕ್ಕೆ ಬಿಡಲಿಲ್ಲ. 1850ರಲ್ಲಿ ಎರಡು ವಾರ ಕೈಸರ್ಸ್‌ವೆರ್ತ್ ನೋಡಿ ಹೋಗಿ, 1851ರಲ್ಲಿ ಮತ್ತೆ ಬಂದು ಮೂರು ತಿಂಗಳು ಕಲಿತಳು. ಬೆಳಗ್ಗೆ 5ಕ್ಕೆ ಏಳೋದು, ಒಂದೊಂದು ಊಟಕ್ಕೆ ಹತ್ತೇ ನಿಮಿಷ! (ನಮ್ಮ ವಾರ್ಡಿನವರೇ ಓದ್ತಿದ್ದರೆ ನಗಬೇಡಿ.)

ಮುಂದೆ ಮುದುಕಿಯಾದಾಗ ಅವಳು ನೇರವಾಗಿಯೇ ಹೇಳಿದಳು: ಅಲ್ಲಿ ನರ್ಸಿಂಗ್ ಅನ್ನೋದು ಏನೂ ಇರಲಿಲ್ಲ, ಸ್ವಚ್ಛತೆಯಂತೂ ಭಯಂಕರ, ಆದರೆ ಅಲ್ಲಿನವರ ಮನಸ್ಸು, ಭಕ್ತಿ ಬೇರೆಲ್ಲೂ ಕಾಣಲಿಲ್ಲ. ಅವಳು ಡಿಯಾಕೊನಿಸ್ ಆಗಲಿಲ್ಲ. ಅವಳ ಹೆಸರಿನ ದೊಡ್ಡ ಆಸ್ಪತ್ರೆ ಈಗ ಅದೇ ಕೈಸರ್ಸ್‌ವೆರ್ತ್‌ನಲ್ಲಿದೆ.

ಮುಂದಿನ ಭಾಗದಲ್ಲಿ 1851ರಲ್ಲೇ ಇಲ್ಲಿಂದ ಜೆರುಸಲೇಮಿಗೆ ಹೊರಟ ಸಿಸ್ಟರ್‌ಗಳ ಕಥೆ. ಈಗ ನೈಟ್ ಡ್ಯೂಟಿಗೆ ಹೊತ್ತಾಯ್ತು.