ಮಾನಸಿಕ ಆರೋಗ್ಯ ಸೇವೆ: ಶಿಕಾರಿಪುರ ಮತ್ತು ಸೊರಬ

ಶಿವಮೊಗ್ಗ ಜಿಲ್ಲೆಯ ಈ ಎರಡು ತಾಲ್ಲೂಕುಗಳ ಬಡ ರೋಗಿಗಳಿಗೆ ಕಡಿಮೆ ವೆಚ್ಚದ ಮನೋಚಿಕಿತ್ಸೆಯ ಮುಖ್ಯ ಆಧಾರ ಸರ್ಕಾರಿ ವ್ಯವಸ್ಥೆ. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗದ ಮಾದರಿಯಲ್ಲಿ, 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಕರ್ನಾಟಕ 2014ರಲ್ಲಿ 'ಮನೋಚೈತನ್ಯ' ಯೋಜನೆ ತಂದಿತು: ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೇ ಬಂದು ರೋಗಿಗಳನ್ನು ನೋಡುವುದು ಇದರ ತಿರುಳು.

ಸೇವಾಸಂಸ್ಥೆಗಳ ಪೈಕಿ ಜಿಲ್ಲೆಯಲ್ಲಿ ಹೆಸರಾದದ್ದು ಶಿವಮೊಗ್ಗದ ಮಾನಸ ಟ್ರಸ್ಟ್. ಇದರ ಹಿಂದಿದ್ದವರು ಮನೋವೈದ್ಯ ಡಾ. ಅಶೋಕ್ ಪೈ (ನಿಧನ 2016) ಮತ್ತು ಮನಶ್ಶಾಸ್ತ್ರಜ್ಞೆ ಡಾ. ರಜನಿ ಪೈ. ಪತ್ರಿಕಾ ಬರಹ, ಸಿನಿಮಾಗಳ ಮೂಲಕ ಮನೋರೋಗದ ಮಾತನ್ನು ಮಲೆನಾಡಿನ ಮನೆಗಳ ಜಗಲಿಗೆ ತಂದದ್ದು ಅಶೋಕ್ ಪೈ ಅವರ ದೊಡ್ಡ ಕೊಡುಗೆ. ಚಿಕಿತ್ಸೆಯಷ್ಟೇ ತೂಕದ ಕೆಲಸವದು.

ಇದೇ ಜಿಲ್ಲೆಯ ತೀರ್ಥಹಳ್ಳಿಯಲ್ಲಿ 2005ರಿಂದ ನಿಮ್ಹಾನ್ಸ್ ಸ್ಕಿಜೋಫ್ರೇನಿಯಾ ರೋಗಿಗಳನ್ನು ಊರಲ್ಲೇ ಗುರುತಿಸಿ ಚಿಕಿತ್ಸೆ ಕೊಡುವ ಯೋಜನೆ ನಡೆಸಿತು. ಹಳ್ಳಿಯಲ್ಲೇ ಆರೈಕೆ ಸಾಧ್ಯ ಎಂಬುದಕ್ಕೆ ಅದು ಶಿಕಾರಿಪುರ, ಸೊರಬಗಳಿಗೂ ಹತ್ತಿರದ ನಿದರ್ಶನ.

ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಉಚಿತವಾದರೂ ಖರ್ಚು ತಪ್ಪದು. ರೋಗಿಯ ಜೊತೆ ಮನೆಯವರೊಬ್ಬರು ಬರಬೇಕು. ಬಸ್ ಚಾರ್ಜಿನ ಜೊತೆಗೆ ಇಬ್ಬರ ಕೂಲಿಯೂ ಹೋಗುತ್ತದೆ. ಶುಂಠಿ, ಮೆಕ್ಕೆಜೋಳದ ಕೆಲಸದ ಸುಗ್ಗಿಯಲ್ಲಿ ಇದು ಸಣ್ಣ ಮೊತ್ತವಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೈಗೆಟಕುವ ಚಿಕಿತ್ಸೆಯನ್ನು ಹಕ್ಕೆಂದು ಮಾನ್ಯಮಾಡಿದೆ. 2022ರ ಅಕ್ಟೋಬರಿನಿಂದ ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೂ ಉಚಿತ ಸಲಹೆ ಸಿಗುತ್ತದೆ.