ಬ್ಯಾರಟ್ರಿ: ಕಡಲಲ್ಲಿ ದ್ರೋಹ, ಕೋರ್ಟಿನಲ್ಲಿ ಕಿತಾಪತಿ

ಬ್ಯಾರಟ್ರಿ ಯುರೋಪಿನ ಹಳೆಯ ಕಾನೂನು ಪದ. ಇದರ ಬೇರು ಹಳೆಯ ಫ್ರೆಂಚಿನಲ್ಲಿದೆ, ಅಲ್ಲಿ ಇದಕ್ಕೆ ವಂಚನೆ ಎಂಬ ಅರ್ಥ. ಕಾಲ, ದೇಶ ಬದಲಾದಂತೆ ಲಂಚಕೋರ ಅಧಿಕಾರಿ, ಹಡಗಿನ ದ್ರೋಹಿ ಕಪ್ತಾನ, ದಾವೆ ಹೂಡಿಸುವ ಜಗಳಗಂಟ, ಮೂವರ ತಪ್ಪಿಗೂ ಇದೇ ಹೆಸರು ಬಿತ್ತು.

ಲಂಚ

1302ರಲ್ಲಿ ಫ್ಲಾರೆನ್ಸ್ ನಗರ ಕವಿ ಡಾಂಟೆಯನ್ನು ಗಡೀಪಾರು ಮಾಡಿದಾಗ ಹೊರಿಸಿದ ಆರೋಪಗಳಲ್ಲಿ ಬ್ಯಾರಟ್ರಿಯೂ ಒಂದು. ಆತನ ಕಾವ್ಯದ ನರಕದಲ್ಲಿ ಇಂಥ ಲಂಚಕೋರರು ಕುದಿಯುವ ಡಾಂಬರಿನಲ್ಲಿ ಮುಳುಗಿದ್ದಾರೆ. ಸ್ಕಾಟ್ಲೆಂಡಿನಲ್ಲಿ ನ್ಯಾಯಾಧೀಶರ ಲಂಚಗುಳಿತನಕ್ಕೂ ಈ ಪದವೇ ಇತ್ತು.

ಹಡಗು

ಇಂದಿಗೂ ಜೀವಂತವಾಗಿರುವುದು ಮುಖ್ಯವಾಗಿ ಈ ಅರ್ಥ. ಕಪ್ತಾನ ಅಥವಾ ಸಿಬ್ಬಂದಿ ಬೇಕೆಂದೇ ಮಾಡಿದ ಅಪಕೃತ್ಯದಿಂದ ಹಡಗಿನ ಮಾಲೀಕನಿಗೋ, ಅದನ್ನು ಬಾಡಿಗೆಗೆ ಪಡೆದವನಿಗೋ ಹಾನಿಯಾದರೆ ಅದು ಬ್ಯಾರಟ್ರಿ. ಬ್ರಿಟನ್ನಿನ 1906ರ ಸಾಗರ ವಿಮೆ ಕಾಯ್ದೆ ಹೇಳುವುದು ಇದನ್ನೇ. ಭಾರತದ 1963ರ ಕಾಯ್ದೆಯದೂ ಅದೇ ಜಾಡು. 1774ರಲ್ಲಿ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಮುಂದೆ ಬಂದ ಪ್ರಕರಣದಲ್ಲಿ, ಲಂಡನ್ನಿನಿಂದ ಸೆವಿಲ್‌ಗೆ ಹೊರಟ ಕಪ್ತಾನ ಸ್ವಂತ ವ್ಯಾಪಾರದ ಬ್ರಾಂದಿ, ವೈನ್ ತುಂಬಿಕೊಳ್ಳಲು ಗರ್ನ್‌ಸಿ ದ್ವೀಪಕ್ಕೆ ತಿರುಗಿದ್ದ. ಅದು ಬ್ಯಾರಟ್ರಿಯೇ ಎಂದು ತೀರ್ಪಾಯಿತು.

ಮಾಲೀಕನೇ ಕಳ್ಳಾಟದಲ್ಲಿ ಪಾಲುದಾರನಾದರೆ? 1980ರ ‘ಸೇಲಂ’ ಪ್ರಕರಣ ಅದನ್ನೇ ಕೇಳಿತು. ಕುವೈತಿನ ಕಚ್ಚಾತೈಲ ಹೊತ್ತ ಆ ದೈತ್ಯ ಟ್ಯಾಂಕರು, ತೈಲ ನಿರ್ಬಂಧ ಎದುರಿಸುತ್ತಿದ್ದ ದಕ್ಷಿಣ ಆಫ್ರಿಕಾದ ಡರ್ಬನ್ನಿನಲ್ಲಿ ಬಹುಪಾಲು ಸರಕನ್ನು ಗುಟ್ಟಾಗಿ ಇಳಿಸಿ, ಟ್ಯಾಂಕುಗಳಿಗೆ ಸಮುದ್ರದ ನೀರು ತುಂಬಿಕೊಂಡು ಹೊರಟಿತು. ಪಶ್ಚಿಮ ಆಫ್ರಿಕಾದ ಕರಾವಳಿಯಾಚೆ ಸಿಬ್ಬಂದಿಯೇ ಅದನ್ನು ಮುಳುಗಿಸಿದರು. ಕಾಪಾಡಲು ಬಂದ ಬ್ರಿಟಿಷ್ ಟ್ಯಾಂಕರನ್ನು ಅವರು ಹತ್ತಿದ್ದು ಕಟ್ಟಿಟ್ಟ ಸೂಟ್‌ಕೇಸುಗಳ ಸಮೇತ! ಆದರೂ ಇದು ಬ್ಯಾರಟ್ರಿಯಲ್ಲ ಎಂದಿತು ಇಂಗ್ಲೆಂಡಿನ ನ್ಯಾಯಾಲಯ. ಮಾಲೀಕನೇ ಶಾಮೀಲಾಗಿದ್ದ ಮೇಲೆ ಅವನಿಗೆ ದ್ರೋಹ ಬಗೆದವರು ಯಾರು?

ದಾವೆಕೋರತನ

ಜನರನ್ನು ಎತ್ತಿಕಟ್ಟಿ ಪದೇ ಪದೇ ಕೋರ್ಟಿಗೆ ಎಳೆಯುವುದು ಇಂಗ್ಲೆಂಡಿನಲ್ಲಿ ಅಪರಾಧವಾಗಿತ್ತು. ಒಂದು ಸಲದ ಕಿತಾಪತಿ ಸಾಲುತ್ತಿರಲಿಲ್ಲ, ಕನಿಷ್ಠ ಮೂರು ಬೇಕಿತ್ತು. 1967ರಲ್ಲಿ ಆ ಅಪರಾಧವೇ ರದ್ದಾಯಿತು. ಅಮೆರಿಕದ ಕೆಲವು ರಾಜ್ಯಗಳಲ್ಲಿ ಉಳಿದಿದೆ. ಅಪಘಾತಕ್ಕೆ ಸಿಕ್ಕವರ ಬೆನ್ನುಹತ್ತಿ ಕೇಸು ಹಿಡಿಯುವ ವಕೀಲರ ಮೇಲೆ ಟೆಕ್ಸಾಸ್ ಇದನ್ನು ಪ್ರಯೋಗಿಸುತ್ತದೆ.

ಈ ಅಸ್ತ್ರ ಬಲಾಢ್ಯರ ಕೈಗೂ ಸಿಗುತ್ತದೆ ಎಂಬುದೇ ಈ ಕಾನೂನಿನ ಬಗ್ಗೆ ನನ್ನ ಅನುಮಾನಕ್ಕೆ ಕಾರಣ. ಶಾಲೆಗಳಲ್ಲಿ ವರ್ಣಭೇದದ ವಿರುದ್ಧ ಕರಿಯರ ಸಂಘಟನೆ ದಾವೆ ಹೂಡಿಸುತ್ತಿದ್ದುದನ್ನು ತಡೆಯಲು ವರ್ಜೀನಿಯಾ 1956ರಲ್ಲಿ ಬ್ಯಾರಟ್ರಿಯದೂ ಸೇರಿ ಹಲವು ಕಾನೂನು ತಂದಿತು. ಅಂಥ ದಾವೆಗಳಿಗೆ ಅಭಿವ್ಯಕ್ತಿ ಸ್ವಾತಂತ್ರ್ಯದ ರಕ್ಷಣೆಯಿದೆ ಎಂದು ಅಮೆರಿಕದ ಸುಪ್ರೀಂ ಕೋರ್ಟು 1963ರಲ್ಲಿ ಹೇಳಿತು.

ಭಾರತದಲ್ಲಿ

ಈ ಹೆಸರಿನ ಅಪರಾಧ ನಮ್ಮ ಕ್ರಿಮಿನಲ್ ಕಾನೂನಿನಲ್ಲಿಲ್ಲ. ಆದರೆ ಕಿರುಕುಳದ ದಾವೆಗಳನ್ನು ತಡೆಯಲು ಮದರಾಸು ಪ್ರಾಂತ 1949ರಲ್ಲೇ ಪ್ರತ್ಯೇಕ ಕಾಯ್ದೆ ಮಾಡಿತ್ತು. 1977ರಲ್ಲಿ ಬೆಂಗಳೂರಿನ ಮುನ್ಸಿಫ್ ಕೋರ್ಟಿನಲ್ಲಿದ್ದ ಒಂದು ದಾವೆಯನ್ನು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಕಾನೂನಿನ ದುರ್ಬಳಕೆ ಎಂದು ಖಂಡಿಸಿ, ಹುಸಿ ದಾವೆಯನ್ನು ಮೊದಲ ವಿಚಾರಣೆಯಲ್ಲೇ ಚಿವುಟಬೇಕೆಂದರು. ಸಿವಿಲ್ ಪ್ರಕ್ರಿಯಾ ಸಂಹಿತೆಯ 35ಎ ಕಲಮಿನಡಿ ಸುಳ್ಳು ದಾವೆಗೆ ಕೊಡಿಸಬಹುದಾದ ಪರಿಹಾರದ ಮಿತಿ 3,000 ರೂಪಾಯಿ. ವಾಣಿಜ್ಯ ವ್ಯಾಜ್ಯಗಳಿಗೆ ಮಾತ್ರ 2015ರ ಕಾಯ್ದೆ ಆ ಮಿತಿಯನ್ನು ತೆಗೆದುಹಾಕಿದೆ.