ಗಡಿಯಾರದ ಅಭ್ಯಂಜನ

ನಮ್ಮ ಮನೆಗಳ ಅಭ್ಯಂಜನದಲ್ಲಿ ಮೊದಲು ಎಣ್ಣೆ, ಆಮೇಲೆ ಸ್ನಾನ. ಗಡಿಯಾರದ ಅಭ್ಯಂಜನ ಇದಕ್ಕೆ ತಿರುಗುಮುರುಗು. ಮೊದಲು ಸ್ನಾನವಾಗಬೇಕು, ಎಣ್ಣೆ ಆಮೇಲೆ. ಕೀಲಿ ಕೊಟ್ಟು ನಡೆಸುವ ಹಳೆಯ ಮಾದರಿಯ ಕೈಗಡಿಯಾರ ಸಾಮಾನ್ಯವಾಗಿ ಗಂಟೆಗೆ 18,000 ಸಲ ಮಿಡಿಯುತ್ತದೆ. ಎಂದರೆ ದಿನಕ್ಕೆ 4,32,000 ಸಲ. ಹೀಗೆ ಮಿಡಿಯುವ ಚಕ್ರದ ಅಚ್ಚಿನ ತುದಿಯ ದಪ್ಪ ಮಿಲಿಮೀಟರಿನ ಹತ್ತರಲ್ಲೊಂದು ಪಾಲು ಮಾತ್ರ. ಅಲ್ಲಿಗೆ ಬೇಕಾದ ಎಣ್ಣೆ ಕಣ್ಣಿಗೆ ಕಂಡೂ ಕಾಣದಷ್ಟು. ಆ ಎಣ್ಣೆ ಕಾಲಕ್ರಮದಲ್ಲಿ ಗಟ್ಟಿಯಾಗಿ, ಧೂಳನ್ನೂ ಲೋಹದ ಪುಡಿಯನ್ನೂ ಹಿಡಿದುಕೊಂಡು, ಕಾಯಬೇಕಾದ ಅಚ್ಚನ್ನೇ ಅರೆಯತೊಡಗುತ್ತದೆ. ಅದನ್ನು ತೆಗೆಯಬೇಕು, ಬೇರೆ ಯಾವುದನ್ನೂ ತೆಗೆಯಬಾರದು. ಗಡಿಯಾರ ತೊಳೆಯುವ ದ್ರವಗಳ ಚರಿತ್ರೆಯೆಂದರೆ, ಈ ಎರಡನೆಯ ಮಾತನ್ನು ಮನುಷ್ಯ ಕಷ್ಟಪಟ್ಟು ಕಲಿತ ಚರಿತ್ರೆ.

ಎಣ್ಣೆಯೇ ಬೇಡವೆಂಬ ದಾರಿಯನ್ನು ಹಿಡಿದವನೂ ಒಬ್ಬನಿದ್ದ. ಇಂಗ್ಲೆಂಡಿನ ಜಾನ್ ಹ್ಯಾರಿಸನ್ ವೃತ್ತಿಯಿಂದ ಬಡಗಿ. 1722ರ ಸುಮಾರಿಗೆ ಅವನು ಬ್ರಾಕಲ್ಸ್‌ಬಿ ಪಾರ್ಕ್ ಎಂಬಲ್ಲಿನ ಕುದುರೆಲಾಯದ ಗೋಪುರಕ್ಕೆ ಒಂದು ಗಡಿಯಾರವನ್ನು ಮಾಡಿಕೊಟ್ಟ. ಉಜ್ಜುವ ಭಾಗಗಳಿಗೆ ಬಳಸಿದ್ದು ಲಿಗ್ನಮ್ ವೈಟೆ ಎಂಬ ಮರ. ಅದರ ಜಿಡ್ಡು ಅದರೊಳಗೇ ಇರುವುದರಿಂದ ಹೊರಗಿನ ಎಣ್ಣೆ ಬೇಕಿಲ್ಲ. ಕಡಲಿನಲ್ಲಿ ರೇಖಾಂಶವನ್ನು ಅರಿಯಲೆಂದು ಅವನು ರಚಿಸಿದ ಮೊದಲ ಮೂರು ಯಂತ್ರಗಳೂ ಎಣ್ಣೆಯ ಹಂಗಿಲ್ಲದವು. ಆದರೆ 1759ರಲ್ಲಿ ಮುಗಿದ ನಾಲ್ಕನೆಯದು, ದೊಡ್ಡದೊಂದು ಜೇಬುಗಡಿಯಾರದಂಥದು, ಎಣ್ಣೆಯನ್ನು ಬೇಡಿತು. ಕೀರ್ತಿ ತಂದದ್ದೂ ಅದೇ. ಇಂದು ಗ್ರೀನಿಚ್ಚಿನಲ್ಲಿ ಮೊದಲ ಮೂರನ್ನೂ ನಡೆಸುತ್ತಾರೆ, ನಾಲ್ಕನೆಯದನ್ನು ನಿಲ್ಲಿಸಿಟ್ಟಿದ್ದಾರೆ. ನಡೆಸಿದರೆ ಎಣ್ಣೆ ಹಾಕಬೇಕು. ಎಣ್ಣೆ ಹಾಕಿದರೆ ಮುಂದೊಮ್ಮೆ ಬಿಚ್ಚಿ ತೊಳೆಯಬೇಕು. ಒಂದೊಂದು ಸಲವೂ ಅಷ್ಟಷ್ಟು ಸವೆತ. ಜನರ ಜೇಬಿಗೂ ಮುಂಗೈಗೂ ಬಂದ ಗಡಿಯಾರಗಳು ಈ ನಾಲ್ಕನೆಯದರಂತೆ ಎಣ್ಣೆಯನ್ನು ನಂಬಿದವು. ಹಾಗಾಗಿ ತೊಳೆಯುವ ವಿದ್ಯೆ ಅನಿವಾರ್ಯವಾಯಿತು.

ಹಿಂದಿನ ಕುಶಲಿಗನ ಸಲಕರಣೆ ಸರಳವಾಗಿತ್ತು. ಸೀಮೆಸುಣ್ಣಕ್ಕೆ ಸವರಿದ ಕುಂಚ, ರಂಧ್ರಗಳಲ್ಲಿ ತಿರುಗಿಸುವ ಚೂಪಾದ ಮರದ ಕಡ್ಡಿ, ಅಚ್ಚಿನ ತುದಿಯನ್ನು ಚುಚ್ಚಿ ಒರೆಸಲು ಎಲ್ಡರ್ ಗಿಡದ ಬೆಂಡು. ಕುಂಚದ ಕೈ ಬಿರುಸಾದರೆ ಕೊಳೆಯೊಡನೆ ಚಿನ್ನದ ಲೇಪವೂ ಹೋಗುತ್ತಿತ್ತು. 1859ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಡ್ರೇಕನ ಬಾವಿಯಿಂದ ಕಲ್ಲೆಣ್ಣೆ ಮೇಲೆ ಬಂದಿತು. ದೀಪಕ್ಕೆಂದು ಸೀಮೆಎಣ್ಣೆಯನ್ನು ಬಟ್ಟಿಯಿಳಿಸುವಾಗ ದೊರೆಯುವ ಹಗುರವಾದ ಅಂಶವೇ ಬೆಂಜಿನ್. ಜಿಡ್ಡನ್ನು ಕರಗಿಸಿ, ಕಲೆಯುಳಿಸದೆ ಆರಿಹೋಗುವ ಈ ದ್ರವ ಗಡಿಯಾರದವರಿಗೆ ವರವಾಯಿತು. ಬೆಂಕಿಯ ಭಯವೊಂದನ್ನು ಬಿಟ್ಟರೆ ಅದರಲ್ಲಿ ಇನ್ನೊಂದು ಗುಣವೂ ಇತ್ತು: ಅದು ಅರಗನ್ನು ಮುಟ್ಟುವುದಿಲ್ಲ.

ಗಡಿಯಾರದಲ್ಲಿ ಅರಗೆಲ್ಲಿಂದ ಬಂತು ಎಂದು ಕೇಳಬಹುದು. ಚಕ್ರದ ಹಲ್ಲುಗಳನ್ನು ಒಂದೊಂದಾಗಿ ಹಿಡಿದು ಬಿಡುವ ಪುಟ್ಟ ಕವಲಿನಲ್ಲಿ ಎರಡು ಕೆಂಪು ಹರಳುಗಳಿರುತ್ತವೆ. ಅವನ್ನು ನಿಲ್ಲಿಸಿರುವುದು ಅರಗು. ಭಾರತದ ಕಾಡುಗಳಲ್ಲಿ ಮುತ್ತುಗದಂಥ ಮರಗಳ ಮೇಲೆ ಒಂದು ಸಣ್ಣ ಕೀಟ ಸ್ರವಿಸುವ ಅದೇ ಅರಗು. ಆಲ್ಕೋಹಾಲಿನಲ್ಲಿ ಅದು ಕರಗುತ್ತದೆ. ದುರ್ಯೋಧನನ ಅರಗಿನ ಮನೆಗೆ ಬೆಂಕಿ ಬೇಕಾಯಿತು. ಈ ಅರಗಿನ ಮನೆಗೆ ಮದ್ಯಸಾರ ಸಾಕು. ನೀರಿನಂಶವನ್ನು ಹೊರಹಾಕಲು ಆಲ್ಕೋಹಾಲ್ ಒಳ್ಳೆಯದೇ. ಆದರೆ ಅರಗಿರುವ ಭಾಗವನ್ನು ಅದರಲ್ಲಿ ನೆನೆಹಾಕಿ ಮರೆತರೆ ಹರಳು ಸಡಿಲವಾಗಿ ಗಡಿಯಾರ ನಿಲ್ಲುತ್ತದೆ.

ಇಷ್ಟು ಯಂತ್ರಕ್ಕಾದ ಕೇಡು. ತೊಳೆಯುವವನಿಗಾದ ಕೇಡು ಇದಕ್ಕಿಂತ ದೊಡ್ಡದು. ಬೆಂಜಿನ್‌ಗೆ ಹೆಸರಿನಲ್ಲಿ ದಾಯಾದಿಯಾದ ಬೆಂಜೀನ್ ಎಂಬ ಬೇರೊಂದು ದ್ರವವಿದೆ. 1825ರಲ್ಲಿ ಅದನ್ನು ಮೊದಲು ಬೇರ್ಪಡಿಸಿದವನು ಮೈಕೆಲ್ ಫ್ಯಾರಡೆ. ಜಿಡ್ಡನ್ನು ಅದೂ ಚೆನ್ನಾಗಿಯೇ ಕರಗಿಸುತ್ತದೆ, ಆದರೆ ಅದರ ಆವಿ ರಕ್ತದ ಕ್ಯಾನ್ಸರಿಗೆ ಕಾರಣ. ಕಂದಿದ ಹಿತ್ತಾಳೆಗೆ ಹೊಳಪು ಬರಲೆಂದು ಹಿಂದಿನವರು ಪೊಟ್ಯಾಸಿಯಂ ಸಯನೈಡಿನ ದ್ರಾವಣದಲ್ಲಿ ಅದ್ದುತ್ತಿದ್ದುದೂ ಉಂಟು. ಊಟ ಮಾಡುವ ಕೈಯಿಂದಲೇ ಆ ಕೆಲಸ!

ಅದಕ್ಕೆ ಬದಲಾಗಿ ಅಮೋನಿಯಾ ಬೆರೆಸಿದ ಸಾಬೂನು ನೀರು ಬಳಕೆಗೆ ಬಂತು. ಹಿತ್ತಾಳೆ ಹೊಸದರಂತೆ ಹೊಳೆಯಿತು. ಆದರೆ ಅಮೋನಿಯಾದ ಇನ್ನೊಂದು ಮುಖ ತಿಳಿದದ್ದು ಗಡಿಯಾರದ ಅಂಗಡಿಯಲ್ಲಲ್ಲ, ಭಾರತದ ಸೈನ್ಯದ ಲಾಯಗಳಲ್ಲಿ. ಮಳೆಗಾಲದಲ್ಲಿ ಅಲ್ಲಿ ಇಟ್ಟ ಹಿತ್ತಾಳೆಯ ತೋಟಾಗಳು ತಾವಾಗಿಯೇ ಬಿರುಕು ಬಿಡುತ್ತಿದ್ದವು. 1921ರಲ್ಲಿ ಮೂವರು ಇಂಗ್ಲಿಷ್ ವಿಜ್ಞಾನಿಗಳು ಕಾರಣವನ್ನು ವಿವರಿಸಿದರು. ತಯಾರಿಕೆಯಲ್ಲಿ ಲೋಹದೊಳಗೆ ಉಳಿದ ಬಿಗುವು, ಕುದುರೆಯ ಗಂಜಳದಿಂದೆದ್ದ ಅಮೋನಿಯಾ, ಎರಡೂ ಸೇರಿ ಹಿತ್ತಾಳೆಯನ್ನು ಸೀಳುತ್ತಿದ್ದವು. ಆದುದರಿಂದ ಅಮೋನಿಯಾದ ನೀರಿನಲ್ಲಿ ಭಾಗಗಳಿರಬೇಕಾದುದು ಕೆಲವೇ ನಿಮಿಷ, ರಾತ್ರಿಯಿಡೀ ಅಲ್ಲ.

ಸಲಕರಣೆಗಳೂ ಬದಲಾದವು. ತಂತಿಯ ಬುಟ್ಟಿಯಲ್ಲಿಟ್ಟ ಭಾಗಗಳನ್ನು ವಿದ್ಯುತ್ ಮೋಟಾರು ಗಿರಗಿರನೆ ತಿರುಗಿಸಿ, ಒಂದು ಜಾಡಿಯಲ್ಲಿ ತೊಳೆದು, ಇನ್ನೆರಡರಲ್ಲಿ ಜಾಲಿಸಿ, ಬಿಸಿಗಾಳಿಯಲ್ಲಿ ಆರಿಸುವ ಯಂತ್ರಗಳು ಎರಡು ಮಹಾಯುದ್ಧಗಳ ನಡುವೆ ಬಂದವು. ಎರಡನೆಯ ಯುದ್ಧದ ಅನಂತರ ಬಂದದ್ದು ಕಿವಿಗೆ ಕೇಳದ ಶಬ್ದದ ತೊಟ್ಟಿ. ಸೆಕೆಂಡಿಗೆ ಸುಮಾರು 40,000 ಕಂಪನಗಳಿಂದ ದ್ರವದಲ್ಲಿ ಸೂಕ್ಷ್ಮ ಗುಳ್ಳೆಗಳೆದ್ದು ಒಡೆಯುತ್ತವೆ. ಕುಂಚ ಹೋಗದ ಸಂದಿನ ಕೊಳೆಯನ್ನೂ ಆ ಪೆಟ್ಟು ಕೀಳುತ್ತದೆ. ಗುಳ್ಳೆಯೊಡೆಯುವಾಗಿನ ಒತ್ತಡವನ್ನು ಲಾರ್ಡ್ ರೇಲೀ 1917ರಲ್ಲಿಯೇ ಗಣಿತದಿಂದ ತೋರಿಸಿದ್ದ. ಈ ತೊಟ್ಟಿಗೆ ಉರಿಯುವ ದ್ರವವನ್ನು ನೇರವಾಗಿ ಸುರಿಯಬಾರದು, ಕಿಡಿಯೊಂದು ಸಾಕು.

ಉರಿಯದ, ವಾಸನೆಯಿಲ್ಲದ, ಬೇಗ ಆರುವ ದ್ರವವೊಂದಿದ್ದರೆ! ಆ ಆಸೆಯನ್ನು ಪೂರೈಸಿದ್ದು ಸಿಎಫ್‌ಸಿ-113. ಸೂಕ್ಷ್ಮಯಂತ್ರಗಳ ಕಾರ್ಖಾನೆಗಳು ಅದನ್ನು ಮೆಚ್ಚಿದವು. ಅದು ಕೈಯನ್ನು ಸುಡಲಿಲ್ಲ, ಲೋಹವನ್ನು ತಿನ್ನಲಿಲ್ಲ. ಆದರೆ ಆವಿಯಾದದ್ದು ಎಲ್ಲಿಗೆ ಹೋಯಿತು? ಇಂಥ ಅನಿಲಗಳು ಮೇಲೇರಿ ಓಜೋನ್ ಪದರವನ್ನು ಹರಿಯುತ್ತವೆಂದು 1974ರಲ್ಲಿ ಮೊಲಿನಾ ಮತ್ತು ರೋಲೆಂಡ್ ಎಚ್ಚರಿಸಿದರು. 1985ರಲ್ಲಿ ಅಂಟಾರ್ಕ್ಟಿಕದ ಮೇಲಿನ ಓಜೋನ್ ಕೊರತೆ ಪ್ರಕಟವಾಯಿತು. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ಲಿನಲ್ಲಿ ಒಪ್ಪಂದವಾಯಿತು. ಭಾರತ ಅದಕ್ಕೆ 1992ರಲ್ಲಿ ಸೇರಿತು. ಯಂತ್ರವನ್ನು ಉಳಿಸಿದ ದ್ರವ, ತೊಳೆಯುವವನನ್ನೂ ಉಳಿಸಿದಂತೆ ಕಂಡ ದ್ರವ, ಎಲ್ಲರ ನೆತ್ತಿಯ ಮೇಲಿನ ಮಾಡನ್ನೇ ಕಿತ್ತಿತ್ತು.

ಇದು ದೂರದ ಕಥೆಯಲ್ಲ. ಎಚ್.ಎಂ.ಟಿ. 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ನೆರವಿನಿಂದ ಬೆಂಗಳೂರಿನಲ್ಲಿ ಕೈಗಡಿಯಾರದ ಕಾರ್ಖಾನೆಯನ್ನು ತೆರೆಯಿತು. ಅದರ ಗಡಿಯಾರ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಕಾರ್ಖಾನೆ ಹೋದರೂ ಗಡಿಯಾರಗಳು ನಮ್ಮ ಮನೆಗಳ ಸೆಳೆಖಾನೆಗಳಲ್ಲಿವೆ. ಅವುಗಳನ್ನು ನಡೆಸುವವರು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ರಸ್ತೆಬದಿಯ ಗಾಜಿನ ಪೆಟ್ಟಿಗೆಯ ಹಿಂದೆ ಕುಳಿತಿರುವ ರಿಪೇರಿಯವರು. ಅವರಲ್ಲಿ ಅನೇಕರಿಗೆ ಸುಲಭವಾಗಿ ದೊರೆತದ್ದು ಬಂಕಿನ ಪೆಟ್ರೋಲು. ದೇಶದ ಪೆಟ್ರೋಲಿನಿಂದ ಸೀಸ ಹೋದದ್ದು 2000ದಲ್ಲಿ; ಬೆಂಜೀನಿನ ಅಂಶ ಇನ್ನೂ ಇದೆ. ಶುದ್ಧೀಕರಿಸಿದ ಬೆಂಜಿನ್, ಮುಚ್ಚಳವಿರುವ ಎರಡು ಗಾಜಿನ ಬಟ್ಟಲು, ಮೆದುವಾದ ಕುಂಚ, ಮರದ ಕಡ್ಡಿ, ತೆರೆದ ಕಿಟಕಿ: ಇಷ್ಟಿದ್ದರೆ ಗಡಿಯಾರವೂ ಉಳಿಯುತ್ತದೆ, ತೊಳೆಯುವವನೂ ಉಳಿಯುತ್ತಾನೆ.

ತಂದೆಯವರ ಗಡಿಯಾರವನ್ನು ಸೆಳೆಖಾನೆಯಿಂದ ತೆಗೆದಾಗ ಮೊದಲು ಕೈ ಹೋಗುವುದು ಕೀಲಿಯ ಕಡೆಗೆ. ಹತ್ತಾರು ವರ್ಷ ಒಣಗಿದ ಎಣ್ಣೆಯ ಮೇಲೆ ಅದನ್ನು ನಡೆಸುವುದೆಂದರೆ ಅಚ್ಚನ್ನು ಅರೆದಂತೆ. ಕೀಲಿ ಕೊಡುವ ಮೊದಲು ಒಮ್ಮೆ ತೊಳೆಯಿಸಿರಿ. ಯಾವುದರಲ್ಲಿ ತೊಳೆಯುತ್ತೀರಿ ಎಂದು ರಿಪೇರಿಯವರನ್ನು ವಿಚಾರಿಸಿರಿ. ಶುದ್ಧ ದ್ರವಕ್ಕೆ ನಾಲ್ಕು ಕಾಸು ಹೆಚ್ಚು ಕೇಳಿದರೆ ಕೊಟ್ಟುಬಿಡಿರಿ.